ವಿದ್ಯಾರ್ಥಿಯ ಊಟದ ಲೆಕ್ಕ

ಹಳೆಯ ಸಂಸ್ಕೃತ ಸುಭಾಷಿತವೊಂದು ವಿದ್ಯಾರ್ಥಿಗೆ ಐದು ಲಕ್ಷಣಗಳನ್ನು ವಿಧಿಸಿದೆ. ಅವುಗಳಲ್ಲಿ ಕಡಮೆ ಉಣ್ಣುವುದು ಒಂದು. ಮನೆಯನ್ನು ಬಿಟ್ಟಿರುವುದು ಇನ್ನೊಂದು. ಸುಭಾಷಿತಕಾರನು ಇವೆರಡನ್ನೂ ಬೇರೆ ಬೇರೆಯಾಗಿ ಎಣಿಸಿರುವುದನ್ನು ಕಂಡಾಗ, ಅವನು ಎಂದೂ ಬಾಡಿಗೆಯ ಕೋಣೆ ಹಿಡಿದು ಓದಿದವನಲ್ಲವೆಂದು ನನಗೆ ತೋರುತ್ತದೆ. ಓದಿದವನಾಗಿದ್ದರೆ ಲಕ್ಷಣಗಳು ನಾಲ್ಕೇ ಎಂದು ಬರೆಯುತ್ತಿದ್ದನು. ಮನೆ ಬಿಟ್ಟವನು ಕಡಮೆ ಉಣ್ಣುತ್ತಾನೆ; ಅದನ್ನು ಶಾಸ್ತ್ರವು ಪ್ರತ್ಯೇಕವಾಗಿ ವಿಧಿಸಬೇಕಾದುದಿಲ್ಲ.

ನಾನು ಸೊರಬ ತಾಲ್ಲೂಕಿನ ಒಂದು ಹಳ್ಳಿಯವನು. ಹೈಸ್ಕೂಲು ಮುಗಿದ ಮೇಲೆ ಎರಡು ವರ್ಷ ಶಿಕಾರಿಪುರದಲ್ಲಿ, ಅನಂತರ ಮೂರು ವರ್ಷ ಶಿವಮೊಗ್ಗೆಯಲ್ಲಿ ಓದಿದೆ. ಮುಂದೆ ಜೀವಮಾನದ ಬಹುಭಾಗವನ್ನು ಈ ಎರಡು ತಾಲ್ಲೂಕುಗಳ ಮಕ್ಕಳಿಗೆ ಪಾಠ ಹೇಳುವುದರಲ್ಲಿಯೇ ಕಳೆದೆ. ನಮ್ಮಲ್ಲಿ ಗುರುಗಳನ್ನು ನೆನೆದು ಬರೆದವರುಂಟು, ಗ್ರಂಥಾಲಯಗಳನ್ನು ಕೊಂಡಾಡಿದವರುಂಟು. ಓದುವ ಹುಡುಗನ ತಟ್ಟೆಯಲ್ಲಿ ಏನಿತ್ತು ಎಂಬುದನ್ನು ವಿಚಾರಿಸಿದವರು ಕಡಮೆ. ಆದರೆ ತರಗತಿಯಲ್ಲಿ ನಿಂತು ಮಾತನಾಡಿದ ಯಾವ ಅಧ್ಯಾಪಕನಿಗೂ ಗೊತ್ತಿರುವ ಸಂಗತಿಯೊಂದಿದೆ. ಹನ್ನೊಂದೂವರೆ ಗಂಟೆಯ ಪಾಠವನ್ನು ಕೇಳುವುದು ಕಿವಿಯಲ್ಲ, ಹೊಟ್ಟೆ.

ಈ ವಿಷಯದಲ್ಲಿ ಶಿಕಾರಿಪುರ ಸೀಮೆಗೆ ಒಂದು ಹಳೆಯ ಹಿರಿಮೆ ಸಲ್ಲುತ್ತದೆ. ಶಿರಾಳಕೊಪ್ಪದ ಸಮೀಪದ ಬಳ್ಳಿಗಾವಿಯನ್ನು ನೋಡಿದವರು ಅಲ್ಲಿನ ಕೇದಾರೇಶ್ವರ ದೇವಾಲಯದ ಮೂರು ಗರ್ಭಗುಡಿಗಳನ್ನೂ ಶಿಲ್ಪವನ್ನೂ ಮೆಚ್ಚಿ ಹಿಂದಿರುಗುತ್ತಾರೆ. ಆ ದೇವಾಲಯಕ್ಕೆ ಸೇರಿದಂತೆ ಕೋಡಿಯ ಮಠವೆಂಬ ವಿದ್ಯಾಸ್ಥಾನವೊಂದಿತ್ತು. ಕಾಳಾಮುಖ ಶೈವಯತಿಗಳು ಅದನ್ನು ನಡೆಸುತ್ತಿದ್ದರು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಈ ಮಠವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ 1902ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಸೊರಬದ ಶಾಸನಗಳು 1904ರಲ್ಲಿ 8ನೆಯ ಸಂಪುಟದಲ್ಲಿ ಬಂದುವು. ನಾಲ್ಕು ವೇದಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳು, ಯೋಗಶಾಸ್ತ್ರ, ಪುರಾಣಗಳು, ಕಾವ್ಯನಾಟಕಗಳು ಇವೆಲ್ಲಕ್ಕೂ ಅದು ನೆಲೆಯಾಗಿತ್ತೆಂದು ಶಾಸನ ಹೇಳುತ್ತದೆ. ಇಷ್ಟನ್ನು ಯಾವ ಮಠದ ಶಾಸನವಾದರೂ ಹೇಳಬಹುದು. ಮುಂದಿನ ಮಾತು ವಿಶೇಷವಾದುದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಬೇರೆ ಬೇರೆ ಮತಗಳ ಸಂನ್ಯಾಸಿಗಳು, ಜೈನ ಕ್ಷಪಣಕರು, ಇವರೆಲ್ಲರಿಗೂ ಅಲ್ಲಿ ತಡೆಯಿಲ್ಲದೆ ಅನ್ನ ದೊರೆಯುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯೂ ನಡೆಯುತ್ತಿತ್ತು.

ಶಾಸನಗಳಲ್ಲಿ ಹೊಗಳಿಕೆ ಸಹಜವೆಂದು ಚರಿತ್ರೆಯ ವಿದ್ಯಾರ್ಥಿಗಳು ಹೇಳಬಹುದು. ಒಪ್ಪತಕ್ಕ ಮಾತೇ. ಆದರೆ ಹೊಗಳಹೊರಟವನು ಯಾವುದನ್ನು ಹೊಗಳತಕ್ಕದ್ದೆಂದು ಆರಿಸಿಕೊಂಡನು ಎಂಬುದರಲ್ಲಿಯೂ ಚರಿತ್ರೆ ಇದೆಯಷ್ಟೆ. ಪಾಠಶಾಲೆ, ಪಾಕಶಾಲೆ, ಚಿಕಿತ್ಸಾಶಾಲೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಶಾಸನಕವಿಗೆ, ಅನ್ನವು ವಿದ್ಯೆಯ ಹೊರಗಿನ ವ್ಯವಹಾರವೆಂದು ತೋರಿರಲಿಲ್ಲ. ಅದೇ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದುದನ್ನು ತಿಳಿಸುತ್ತದೆ. ಅಲ್ಲಿ ನಡೆದ ಜಗಳವನ್ನೂ ಅದರಿಂದ ಹುಟ್ಟಿದ ಕದಂಬ ರಾಜ್ಯವನ್ನೂ ಹೇಳುತ್ತದೆ. ಪರದೇಶದಲ್ಲಿ ಆ ಹುಡುಗ ಏನು ಉಂಡನೆಂಬುದನ್ನು ಮಾತ್ರ ಹೇಳುವುದಿಲ್ಲ. ನಮ್ಮ ನಾಡಿನಿಂದ ಓದಲು ಹೊರಗೆ ಹೋದ ಬಹು ಪ್ರಾಚೀನ ವಿದ್ಯಾರ್ಥಿಯ ಊಟದ ಲೆಕ್ಕ ಹೀಗೆ ಕಳೆದುಹೋಯಿತು.

ಇತ್ತೀಚಿನ ಶತಮಾನಗಳಿಗೆ ಬಂದರೆ ವಾರಾನ್ನದ ಪದ್ಧತಿ ಕಾಣುತ್ತದೆ. ಇಂದಿನ ತರುಣರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದೀತು. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ಬ್ರಾಹ್ಮಣ ಹುಡುಗನು ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುವನು. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ, ಹೀಗೆ ವಾರವು ಮುಗಿಯುವುದು. ಪ್ರತಿಯಾಗಿ ಆ ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದೋ ಪೂಜೆಗೆ ಹೂ ತರುವುದೋ ಅಂಗಡಿಗೆ ಹೋಗಿಬರುವುದೋ ಇರುತ್ತಿತ್ತು. ಏಕಾದಶಿಯಂದು ಏಳು ಮನೆಗಳಲ್ಲಿಯೂ ಒಲೆ ತಣ್ಣಗಿರುತ್ತಿತ್ತು. ಗುರುವಾರದ ಮನೆಯವರು ಮದುವೆಗೆಂದು ಊರಿಗೆ ಹೋದರೆ ಆ ವಾರದಲ್ಲಿ ಗುರುವಾರವೇ ಇಲ್ಲ. ಈ ಪದ್ಧತಿಯಿಂದ ಓದಿ ಮುಂದೆ ಬಂದವರು ನೂರಾರು ಮಂದಿ. ನಮ್ಮ ಹಿರಿಯ ಲೇಖಕರ ಆತ್ಮಕಥೆಗಳಲ್ಲಿ ವಾರಾನ್ನದ ಒಂದು ಅಧ್ಯಾಯವು ಬರುವುದು ಅಪರೂಪವೇನಲ್ಲ. ಅನ್ನವಿಕ್ಕಿದ ತಾಯಂದಿರ ಕರುಣೆಯನ್ನು ಯಾರೂ ಹಗುರವಾಗಿ ಆಡಬಾರದು.

ಆದರೂ ಲೆಕ್ಕವೆಂದ ಮೇಲೆ ಪೂರ್ತಿಯಾಗಿ ಹೇಳಬೇಕು. ಒಂದು ಬೀದಿಯಲ್ಲಿ ಏಳು ಮನೆಗಳು ಸಿಕ್ಕಬೇಕಾದರೆ ಆ ಬೀದಿಯ ಜಾತಿಯಲ್ಲಿ ಹುಟ್ಟಿರಬೇಕಿತ್ತು. ಗೇಣಿ ಮಾಡುವ ಒಕ್ಕಲಿನ ಮಗನಿಗೆ, ಕೂಲಿಯವನ ಮಗನಿಗೆ, ಊರ ಹೊರಗಿನ ಕೇರಿಯ ಮಗನಿಗೆ ಸೋಮವಾರವೂ ಇರಲಿಲ್ಲ, ಮಂಗಳವಾರವೂ ಇರಲಿಲ್ಲ. ಹುಡುಗಿಗಂತೂ ವಾರಾನ್ನವೆಂಬ ಮಾತೇ ಇರಲಿಲ್ಲ. ಮನೆಯಿಂದ ಮನೆಗೆ ಊಟಕ್ಕೆ ಹೋಗುವ ಹೆಣ್ಣುಮಗಳನ್ನು ಅಂದಿನ ಸಮಾಜ ಊಹಿಸಿಕೊಳ್ಳಲಾರದಾಗಿತ್ತು. ಕೆಲವರಿಗೆ ಅನ್ನದ ಬಾಗಿಲು ತೆರೆದಿದ್ದುದರಿಂದ ಅವರು ಓದಿದರು. ಉಳಿದವರು ಬುದ್ಧಿಯಿಲ್ಲದೆ ಓದದೆ ಹೋದರೆಂದು ಬಹುಕಾಲ ಎಲ್ಲರೂ ನಂಬಿದ್ದರು.

ಈ ಕೊರತೆಯನ್ನು ಕಂಡೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದೊಂದು ಸಮಾಜವೂ ತನ್ನ ಮಕ್ಕಳಿಗಾಗಿ ವಿದ್ಯಾರ್ಥಿನಿಲಯಗಳನ್ನು ಕಟ್ಟಲು ತೊಡಗಿತು. 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಸ್ಥಾಪಿತವಾದಾಗ ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ತಂಗಲು, ಉಣ್ಣಲು ಎಡೆಮಾಡುವುದು ಮುಖ್ಯ ಕೆಲಸಗಳಲ್ಲೊಂದಾಯಿತು. ಧಾರವಾಡದ ಮುರುಘಾಮಠದ ಉಚಿತ ಪ್ರಸಾದನಿಲಯವನ್ನು ಉತ್ತರ ಕರ್ನಾಟಕದ ಎಷ್ಟೋ ಮನೆತನಗಳು ಇಂದಿಗೂ ಸ್ಮರಿಸುತ್ತವೆ. ತುಮಕೂರಿನ ಬಳಿಯ ಸಿದ್ಧಗಂಗೆಯ ಮಾತನ್ನು ಬೇರೆ ಹೇಳಬೇಕಾಗಿಲ್ಲ. 1941ರಲ್ಲಿ ಮಠದ ಹೊಣೆ ಹೊತ್ತು, 111 ವರ್ಷ ಬಾಳಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿ ಮತಗಳನ್ನು ಎಣಿಸದೆ ಸಾವಿರಾರು ಹುಡುಗರಿಗೆ ಊಟವಿಟ್ಟು ಓದಿಸಿದರು. ಹಣ ಕೊಟ್ಟು ಉಣ್ಣಬಲ್ಲವರಿಗೆ ಹೋಟೆಲುಗಳಿದ್ದುವು. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ತೆರೆದ ತಿಂಡಿಮನೆಯೊಂದು ಸುತ್ತಲಿನ ಶಾಲೆಗಳ ಹುಡುಗರಿಗಾಗಿಯೇ ಇದ್ದುದರಿಂದ ‘ವಿದ್ಯಾರ್ಥಿ ಭವನ’ವೆಂದು ಹೆಸರು ಪಡೆಯಿತು. ಇಂದು ಅದರ ಮುಂದೆ ದೋಸೆಗಾಗಿ ಕಾದು ನಿಲ್ಲುವವರಲ್ಲಿ ವಿದ್ಯಾರ್ಥಿಗಳಿಗಿಂತ ವಿದ್ಯಾರ್ಥಿಗಳಾಗಿದ್ದವರೇ ಹೆಚ್ಚು.

ನಾನು ಶಿಕಾರಿಪುರಕ್ಕೆ ಓದಲು ಬಂದದ್ದು 1972ರಲ್ಲಿ. ಹುಚ್ಚರಾಯಸ್ವಾಮಿಯ ದೇವಸ್ಥಾನಕ್ಕೆ ಹೋಗುವ ದಾರಿಯ ಕಡೆ ಒಂದು ಮನೆಯ ಹಿತ್ತಿಲ ಕೋಣೆಯನ್ನು ಮೂವರು ಸೇರಿ ಹಿಡಿದಿದ್ದೆವು. ನಮ್ಮಲ್ಲಿ ಇಬ್ಬರು ಸೊರಬದ ಕಡೆಯವರು. ಮೂರನೆಯವನು ಶಿಕಾರಿಪುರ ತಾಲ್ಲೂಕಿನ ಮೂಡಲ ಭಾಗದವನು. ಒಂದು ಬತ್ತಿಯ ಸ್ಟೌವು, ಎರಡು ಅಲ್ಯುಮಿನಿಯಂ ಪಾತ್ರೆ, ಮೂರು ತಟ್ಟೆ, ಸೀಮೆ ಎಣ್ಣೆಯ ಒಂದು ಡಬ್ಬಿ, ಇವು ನಮ್ಮ ಸಂಸಾರ. ಪ್ರತಿಯೊಬ್ಬನೂ ತಿಂಗಳಿಗೆ 12 ಸೇರು ಅಕ್ಕಿಯನ್ನು ಮನೆಯಿಂದ ತರತಕ್ಕದ್ದೆಂದು ಗೊತ್ತುಮಾಡಿದ್ದೆವು. ಮೂವರದು 36 ಸೇರು. ಅಂದರೆ 144 ಪಾವು. ಬೆಳಿಗ್ಗೆ ಎರಡೂವರೆ ಪಾವು, ರಾತ್ರಿ ಎರಡೂವರೆ ಪಾವು, ದಿನಕ್ಕೆ ಐದು ಪಾವಿನಂತೆ ಬೇಯಿಸಿದರೆ 28 ದಿನ ಪೂರ್ತಿಯಾಗಿ ನಡೆಯುತ್ತಿತ್ತು. 29ನೆಯ ದಿನಕ್ಕೆ ನಾಲ್ಕು ಪಾವು ಉಳಿಯುತ್ತಿತ್ತು. 30ನೆಯ ದಿನವನ್ನು ನಾವು ಏಕಾದಶಿ ಎನ್ನುತ್ತಿದ್ದೆವು, ಪಂಚಾಂಗದಲ್ಲಿ ತಿಥಿ ಯಾವುದೇ ಇರಲಿ. 31 ದಿನಗಳ ತಿಂಗಳನ್ನು ಕಂಡುಹಿಡಿದವನ ಮೇಲೆ ನಮಗಿದ್ದ ಸಿಟ್ಟನ್ನು ಇಲ್ಲಿ ಬರೆಯುವಂತಿಲ್ಲ.

ಅಗ್ಗದ ಊಟದ ಶಾಸ್ತ್ರವನ್ನು ಕಲಿಯುವುದಕ್ಕೆ ಶಿಕಾರಿಪುರಕ್ಕಿಂತ ಒಳ್ಳೆಯ ಊರು ಇರಲಾರದು. ಪಡುವಣ ಕಡೆ ಮಲೆನಾಡು, ಮೂಡಲ ಕಡೆ ಬಯಲುಸೀಮೆ. ಎರಡೂ ಅಡುಗೆಗಳು ಸೇರುವ ಗಡಿ ಅದು. ನಾವು ಸೊರಬದವರು ಮಿಡಿ ಉಪ್ಪಿನಕಾಯಿಯ ಜಾಡಿಯನ್ನೂ ಹಲಸಿನ ಹಪ್ಪಳದ ಕಟ್ಟನ್ನೂ ತರುತ್ತಿದ್ದೆವು. ಮೂಡಲವನು ಒಣಗಿಸಿದ ಕಟಕು ಜೋಳದ ರೊಟ್ಟಿಯ ಅಡಕಲನ್ನೂ ಶೇಂಗಾಪುಡಿ, ಗುರೆಳ್ಳುಪುಡಿಗಳನ್ನೂ ತರುತ್ತಿದ್ದನು. ಆ ರೊಟ್ಟಿ ತಿಂಗಳಾದರೂ ಕೆಡದು. ಹಲ್ಲಿಗೆ ಬಗ್ಗದಿದ್ದರೆ ಸಾರಿನಲ್ಲಿ ನೆನೆಸಬಹುದು. ಅಕ್ಕಿಯ ಗಿರಣಿಯಲ್ಲಿ ನುಚ್ಚು ಅಗ್ಗವಾಗಿ ಸಿಕ್ಕುತ್ತಿತ್ತು. ನುಚ್ಚಿನ ಗಂಜಿಗೆ ಉಪ್ಪು ಹಾಕಿ ಒಂದು ಮಿಡಿಯನ್ನು ಕಚ್ಚಿಕೊಂಡರೆ ಮಳೆಗಾಲದ ರಾತ್ರಿ ಕಳೆಯುತ್ತಿತ್ತು. ರಾತ್ರಿ ಮಿಕ್ಕ ಅನ್ನಕ್ಕೆ ನೀರು ಹಾಕಿಟ್ಟರೆ ಬೆಳಿಗ್ಗೆ ತಂಗಳು. ಮಜ್ಜಿಗೆ ದೊರೆತ ದಿನ ಅದು ಹಬ್ಬ.

ನಮ್ಮ ನಿಜವಾದ ಅನ್ನದಾತ ಹುರುಳಿ. ಅದನ್ನು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದ ಕಾಳಿನಿಂದ ಪಲ್ಯ. ಒಂದೇ ಸೀಮೆ ಎಣ್ಣೆಯ ಖರ್ಚಿನಲ್ಲಿ ಎರಡು ಪದಾರ್ಥ. ಅದನ್ನು ಬಡವರ ಕಾಳು, ಎತ್ತಿನ ಕಾಳು ಎಂದು ಹೀಯಾಳಿಸುವವರಿದ್ದರು. ಪೋಷಣಶಾಸ್ತ್ರದ ಪುಸ್ತಕವನ್ನು ತೆರೆದು ನೋಡಿದರೆ ಹುರುಳಿಯಲ್ಲಿ ನೂರಕ್ಕೆ 22 ಭಾಗದಷ್ಟೂ ಶೇಂಗಾದಲ್ಲಿ 25 ಭಾಗದಷ್ಟೂ ಪ್ರೋಟೀನು ಇದೆ. ಅಕ್ಕಿಯಲ್ಲಿ ಇರುವುದು ಸುಮಾರು 7 ಭಾಗ ಮಾತ್ರ. ಬರಿಯ ಅನ್ನದಿಂದ ಹೊಟ್ಟೆ ತುಂಬಿಸಿಕೊಂಡು ತರಗತಿಯಲ್ಲಿ ತೂಕಡಿಸುವ ಹುಡುಗನಿಗಿಂತ, ಮುಷ್ಟಿ ಹುರುಳಿಯನ್ನೂ ಮುಷ್ಟಿ ಶೇಂಗಾವನ್ನೂ ತಿಂದವನು ಹೆಚ್ಚು ಹೊತ್ತು ಎಚ್ಚರವಾಗಿರುತ್ತಾನೆ. ಈ ವಿದ್ಯೆ ನಮ್ಮ ಅಜ್ಜಿಯರಲ್ಲಿತ್ತು. ನಮಗೆ ಹಣವಿಲ್ಲದ ಕಾರಣ ಬಂತು. ಹಣವಿದ್ದವರಿಗೆ ಅದನ್ನು ಇಂದು ವೈದ್ಯರು ಹೇಳಿಕೊಡುತ್ತಿದ್ದಾರೆ.

ತರಕಾರಿಗೆ ಸಂತೆ. ಸಂತೆಗೆ ಬೆಳಿಗ್ಗೆ ಹೋಗುವವನು ಗೃಹಸ್ಥ. ದೀಪ ಹಚ್ಚುವ ಹೊತ್ತಿಗೆ ಹೋಗುವವನು ವಿದ್ಯಾರ್ಥಿ. ಊರಿಗೆ ಹೊರೆ ಹೊತ್ತು ಹಿಂದಿರುಗಲು ಮನಸ್ಸಿಲ್ಲದ ಮುದುಕಿಯರು ಬಾಡಿದ ಹರಿವೆ ಸೊಪ್ಪನ್ನೂ ಒಡಕಲು ಸೌತೆಯನ್ನೂ ಕೇಳಿದ ಬೆಲೆಗೆ ಕೊಡುತ್ತಿದ್ದರು. ‘ಓದೋ ಮಕ್ಕಳು, ತಗಳ್ರೋ’ ಎಂದು ಒಂದು ಹಿಡಿ ಹೆಚ್ಚಾಗಿಯೇ ಹಾಕುತ್ತಿದ್ದರು. ಸಂಜೆಗೆ ಮಂಡಕ್ಕಿ ಮತ್ತು ಮಿರ್ಚಿ. ಒಂದು ಪೊಟ್ಟಣ ಮಂಡಕ್ಕಿಯಲ್ಲಿ ಗಾಳಿಯೇ ಮುಕ್ಕಾಲು ಪಾಲು; ಆದರೂ ಮೂವರು ಸುತ್ತ ಕುಳಿತು ಮೆಣಸಿನಕಾಯಿಯನ್ನು ಕಚ್ಚುತ್ತ ತಿಂದರೆ ಹೊಟ್ಟೆಯು ಎರಡು ಗಂಟೆಗಳ ಕಾಲ ಮೋಸಹೋಗುತ್ತಿತ್ತು. ಪಕ್ಕದ ಕೋಣೆಯ ಹುಡುಗರಿಗೆ ಊರಿನಿಂದ ಬೆಳಗಿನ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಬಟ್ಟೆಯಲ್ಲಿ ಕಟ್ಟಿದ ಆ ಗಂಟನ್ನು ತಾಯಿ ಕಂಡಕ್ಟರನ ಕೈಗೆ ಕೊಡುವಳು. ಕಂಡಕ್ಟರನು ಬಿಡಿಗಾಸು ಕೇಳದೆ ತಂದು ನಿಲ್ದಾಣದಲ್ಲಿ ಇಳಿಸುವನು. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತ ದಿನ ಆ ಕೋಣೆಯ ಹುಡುಗರು ನಮ್ಮ ಹುರುಳಿ ಸಾರಿನ ಪರಿಮಳವನ್ನು ಹೊಗಳುತ್ತ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಂದು ಐದು ಪಾವಿನ ಲೆಕ್ಕ ತಪ್ಪಿಹೋಗುತ್ತಿತ್ತು. ಯಾರೂ ಅದನ್ನು ಎತ್ತಿ ಆಡುತ್ತಿರಲಿಲ್ಲ.

ಇಷ್ಟನ್ನು ಓದಿದವರಿಗೆ ಬಡತನವು ವಿನೋದದ ಸಂಗತಿಯೆಂದು ತೋರಬಹುದು. ವಯಸ್ಸಾದವರು ತಮ್ಮ ಹಸಿವನ್ನು ನೆನೆಯುವಾಗ ಅದಕ್ಕೆ ಸಕ್ಕರೆ ಬೆರೆಸುವುದುಂಟು. ಹಸಿವಿನಲ್ಲಿ ಗೆದ್ದು ಬಂದವರಷ್ಟೇ ಲೇಖನ ಬರೆಯುತ್ತಾರೆ, ಸೋತವರು ಬರೆಯುವುದಿಲ್ಲ. ಆದುದರಿಂದ ನಮ್ಮ ಮೂವರಲ್ಲಿ ಒಬ್ಬನ ವಿಷಯವನ್ನು ಹೇಳಲೇಬೇಕು.

ಸೊರಬದ ನಮ್ಮಿಬ್ಬರ ಮನೆಗಳೂ ಗೇಣಿಯ ಮನೆಗಳು. ಸುಗ್ಗಿಯಲ್ಲಿ ಕಣದಲ್ಲಿ ಭತ್ತ ರಾಶಿಯಾದಾಗ ಮೊದಲು ಒಡೆಯರ ಭಾಗ ಅಳೆಯುವುದು. ಬಳಿಕ ಬೀಜದ ಸಾಲ. ಆಮೇಲೆ ಉಳಿದುದು ಮನೆಗೆ. ಆಷಾಢ ಶ್ರಾವಣಗಳ ಹೊತ್ತಿಗೆ ಕಣಜದ ತಳ ಕಾಣುತ್ತಿತ್ತು. ಕಾಲೇಜು ತೆರೆಯುವುದೂ ಆ ತಿಂಗಳುಗಳಲ್ಲಿಯೇ. ಮನೆಯಲ್ಲಿ ಗಂಜಿಯನ್ನು ನೀರು ಬೆರೆಸಿ ಹಂಚುವ ಕಾಲದಲ್ಲಿ 12 ಸೇರು ಅಕ್ಕಿಯನ್ನು ಚೀಲಕ್ಕೆ ತುಂಬಿ ಹೊರಡುವುದಿದೆಯಲ್ಲ, ಅದು ಯಾವ ಪರೀಕ್ಷೆಗಿಂತಲೂ ಕಠಿಣವಾದುದು. ಚೀಲದ ಬಾಯಿ ಕಟ್ಟುವಾಗ ತಮ್ಮ ತಂಗಿಯರು ನೋಡುತ್ತಾ ನಿಂತಿರುತ್ತಾರೆ. 1973ರ ಮಳೆಗಾಲದಲ್ಲಿ ನನ್ನ ಗೆಳೆಯನು ಅಕ್ಕಿ ತರಲು ಊರಿಗೆ ಹೋಗಿ ಅರ್ಧ ಚೀಲದೊಡನೆ ಹಿಂದಿರುಗಿದನು. ನಾವಿಬ್ಬರೂ ಚಿಂತೆಯಿಲ್ಲವೆಂದೆವು; ಅವನು ಅನ್ನ ಬಡಿಸಿಕೊಳ್ಳುವಾಗ ತನ್ನ ಚೀಲವನ್ನು ನೋಡಿಕೊಂಡು ಬಡಿಸಿಕೊಳ್ಳತೊಡಗಿದನು. ಮರು ತಿಂಗಳು ಹೋದವನು ಬರಲಿಲ್ಲ. ಗದ್ದೆಯ ಕೆಲಸಕ್ಕೆ ಆಳಿಲ್ಲವೆಂದು ಒಂದು ಕಾರ್ಡು ಬಂತು. ನಮ್ಮ ಮೂವರಲ್ಲಿ ಗಣಿತ ಚೆನ್ನಾಗಿ ಬರುತ್ತಿದ್ದುದು ಅವನಿಗೆ. 144 ಪಾವಿನ ಲೆಕ್ಕವನ್ನು ಹಾಕಿದವನೂ ಅವನೇ.

ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದುದನ್ನು ಓದುಗರು ಬಲ್ಲರು. ಆ ಹೋರಾಟದ ಫಲ ಕಾನೂನಿನ ರೂಪದಲ್ಲಿ ನಮ್ಮ ಮನೆಗಳಿಗೆ ತಲಪಿದುದು ಎರಡು ದಶಕಗಳ ಮೇಲೆ. ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ 1974ರ ಮಾರ್ಚಿ 1ರಂದು ಜಾರಿಗೆ ಬಂತು. ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿ, ಉಳುವವನು 7ನೆಯ ನಮೂನೆಯಲ್ಲಿ ಅರ್ಜಿ ಹಾಕಿ ಅದನ್ನು ತನ್ನದಾಗಿಸಿಕೊಳ್ಳುವ ದಾರಿ ತೆರೆಯಿತು. ನಾನು ಶಿವಮೊಗ್ಗೆಗೆ ಹೋದ ವರ್ಷ ನಮ್ಮ ಕಣದಲ್ಲಿ ಒಡೆಯರ ಭಾಗ ಅಳೆಯಲಿಲ್ಲ. ನನ್ನ 12 ಸೇರು 15 ಆಯಿತು. ಚೀಲ ಕಟ್ಟುವಾಗ ನನ್ನ ತಂಗಿ ತಾನೇ ಬಂದು ಚೀಲದ ಬಾಯಿ ಹಿಡಿದುಕೊಂಡಳು. ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ ಮುಂತಾದುವುಗಳ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೊರಬದ ಹಳ್ಳಿಗಳಿಂದ ಅತಿ ಹೆಚ್ಚು ಮಕ್ಕಳನ್ನು ಕಾಲೇಜಿಗೆ ಕಳುಹಿಸಿದುದು ಯಾವುದೆಂದು ನನ್ನನ್ನು ಕೇಳಿದರೆ, ವಿದ್ಯಾಭ್ಯಾಸದ ಮಾತನ್ನೇ ಆಡದ ಆ ಕಾಯಿದೆ ಎಂದು ಹೇಳುತ್ತೇನೆ.

ಗೆಳೆಯನ ಮನೆಗೂ ಭೂಮಿ ಬಂತು. ಬಹುಕಾಲದ ಮೇಲೆ ಸೊರಬದ ಬಸ್‌ನಿಲ್ದಾಣದಲ್ಲಿ ಸಿಕ್ಕಾಗ ಹಳೆಯ ಕೋಣೆಯ ಮಾತು ತೆಗೆದೆ. ‘ಒಂದು ವರ್ಷ ತಡ ಆಯ್ತು ಮಾರಾಯ’ ಎಂದನು. ‘ಭತ್ತ ಮನೇಲಿ ಉಳಿಯೋ ಹೊತ್ತಿಗೆ ನನ್ನ ಪುಸ್ತಕ ಗೆದ್ದಲು ತಿಂದಿತ್ತು.’ ಅವನ ದನಿಯಲ್ಲಿ ದೂರು ಇರಲಿಲ್ಲ; ಮಳೆ ತಡವಾದುದನ್ನು ಹೇಳುವಂತೆ ಹೇಳಿದನು.

ಇಂದು ಕಾಲ ಬಹಳ ಬದಲಾಗಿದೆ. ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯಗಳು ತಾಲ್ಲೂಕು ಕೇಂದ್ರಗಳಿಗೂ ಬಂದಿವೆ. 2013ರ ಜುಲೈಯಲ್ಲಿ ಅನ್ನಭಾಗ್ಯ ಆರಂಭವಾದ ಮೇಲೆ ಬಡವರ ಮನೆಯ ಅಕ್ಕಿಯ ಚಿಂತೆ ಬಹುಮಟ್ಟಿಗೆ ಇಳಿಯಿತು. ಕೋಣೆ ಮಾಡಿಕೊಂಡಿರುವ ಹುಡುಗರ ಚೀಲದಲ್ಲಿ ಪಡಿತರದ ಅಕ್ಕಿಯನ್ನು ನಾನೇ ಕಂಡಿದ್ದೇನೆ. ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಕ್ಕದವರಿಗೆಂದು 2013-14ರಲ್ಲಿ ವಿದ್ಯಾಸಿರಿ ಎಂಬ ಯೋಜನೆ ಬಂತು. ಊಟ ವಸತಿಗಳಿಗೆ ತಿಂಗಳಿಗೆ 1,500 ರೂಪಾಯಿನಂತೆ ವರ್ಷದಲ್ಲಿ ಹತ್ತು ತಿಂಗಳು ಕೊಡುವುದೆಂದು ಆಗ ಗೊತ್ತಾಗಿತ್ತು. ಹಳೆಯ ಅಭ್ಯಾಸದಂತೆ ನಾನು ಲೆಕ್ಕ ಹಾಕಿದೆ: ದಿನಕ್ಕೆ 50 ರೂಪಾಯಿ, ಕೋಣೆಯ ಬಾಡಿಗೆಯನ್ನು ಮರೆತುಬಿಟ್ಟರೂ ಮೂರು ಹೊತ್ತಿಗೆ ಹಂಚಿದರೆ ಹೊತ್ತಿಗೆ 17 ರೂಪಾಯಿ ತುಂಬದು. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು. ಆ ಸಾಲಿನಲ್ಲಿ ಕೂಲಿಯವರ ಜೊತೆಗೆ ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡವರೂ ನಿಂತಿದ್ದುದನ್ನು ನೋಡಿದರೆ ಅದರ ಪ್ರಯೋಜನ ಯಾರಿಗೆಂದು ತಿಳಿಯುತ್ತಿತ್ತು.

ಹಾಗಾದರೆ ಹಸಿವು ಮುಗಿಯಿತೆ? ನನ್ನ ಕೊನೆಯ ವರ್ಷಗಳ ತರಗತಿಗಳಲ್ಲಿ ಹುಡುಗಿಯರೇ ಹೆಚ್ಚು. ಇದು ಸಂತೋಷದ ಸಂಗತಿ. 2023ರ ಜೂನ್ 11ರಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ಸರ್ಕಾರಿ ಬಸ್ಸು ಓಡುವ ದಾರಿಯ ಹಳ್ಳಿಗಳ ಹುಡುಗಿಯರು ಕೋಣೆಯ ಖರ್ಚಿಲ್ಲದೆ ಮನೆಯಿಂದಲೇ ಓದಬಹುದು. ಆದರೆ ಮೊದಲ ಬಸ್ಸು ಒಲೆ ಹೊತ್ತಿಸುವ ಮುಂಚೆಯೇ ಹೊರಡುತ್ತದೆ. ಹಿಂದಿನ ರಾತ್ರಿಯ ಚಿತ್ರಾನ್ನವನ್ನೋ ಎರಡು ರೊಟ್ಟಿಯನ್ನೋ ಡಬ್ಬಿಗೆ ಹಾಕಿಕೊಂಡು ಬಂದವಳು ಹತ್ತು ಗಂಟೆಗೇ ಅದನ್ನು ಬಿಚ್ಚುತ್ತಾಳೆ. ಸಂಜೆ ಮನೆಗೆ ಮುಟ್ಟುವವರೆಗೆ ಮತ್ತೇನೂ ಇಲ್ಲ. ಡಬ್ಬಿಯನ್ನೇ ತಾರದವರೂ ಉಂಟು. ಹುಡುಗನಾದರೆ ಗಾಡಿಯ ಮುಂದೆ ನಿಂತು ಏನನ್ನಾದರೂ ತಿನ್ನುತ್ತಾನೆ. ಹುಡುಗಿ ಆ ದುಡ್ಡನ್ನು ಉಳಿಸುತ್ತಾಳೆ.

ಮಧ್ಯಾಹ್ನದ ಬಿಡುವಿನಲ್ಲಿ ತರಗತಿಯಲ್ಲಿಯೇ ಕುಳಿತಿರುತ್ತಿದ್ದ ಒಬ್ಬಳನ್ನು ‘ಊಟ ಆಯಿತೇನಮ್ಮ?’ ಎಂದು ಕೇಳಿದೆ. ‘ಇವತ್ತು ಶನಿವಾರ ಸರ್, ಹುಚ್ಚರಾಯಸ್ವಾಮಿಗೆ ಉಪವಾಸ’ ಎಂದಳು. ಶಿಕಾರಿಪುರದಲ್ಲಿ ಈ ಮಾತಿಗೆ ಮರುಪ್ರಶ್ನೆಯಿಲ್ಲ. ಮುಂದಿನ ವಾರ ಸೋಮವಾರ ಈಶ್ವರನಿಗೆ, ಗುರುವಾರ ರಾಯರಿಗೆ, ಶುಕ್ರವಾರ ಚಂದ್ರಗುತ್ತಿಯ ಅಮ್ಮನಿಗೆ ಉಪವಾಸವೆಂದು ಗೊತ್ತಾಯಿತು. ಅವಳ ದೇವರುಗಳ ಸಂಖ್ಯೆ ತಿಂಗಳ ಕೊನೆಗೆ ಹೆಚ್ಚುತ್ತಿತ್ತು. ತಾಯಿಗೆ ಕೂಲಿ ಬಟವಾಡೆಯಾದ ಮೇಲೆ ಕಡಮೆಯಾಗುತ್ತಿತ್ತು. ಬಡತನವು ಭಕ್ತಿಯ ಸೀರೆಯುಟ್ಟು ಬಂದರೆ ಅದನ್ನು ಗುರುತಿಸುವುದು ಸುಲಭವಲ್ಲ. ಗುರುತಿಸಿದ ಮೇಲೆ ಆಡಿ ತೋರಿಸುವುದು ಇನ್ನೂ ಕಷ್ಟ. ಏಕೆಂದರೆ ಆ ಸೀರೆಯೇ ಅವಳ ಮಾನ. ಅಂಥ ಮಕ್ಕಳನ್ನು ಕರೆದು ಗುಟ್ಟಾಗಿ ಹಣ ಕೊಡುವ ಅಧ್ಯಾಪಕರಿದ್ದಾರೆ. ಅವರಿಗೆ ನನ್ನ ನಮಸ್ಕಾರ. ಆದರೆ ಹಣ ತೆಗೆದುಕೊಂಡ ಮಗು ಮಾರನೆಯ ದಿನದಿಂದ ಆ ಅಧ್ಯಾಪಕನ ಕಣ್ಣು ತಪ್ಪಿಸಿ ನಡೆಯುತ್ತದೆ.

ಮನುಷ್ಯನಿಗೆ ಅನ್ನ ದೊರೆತರೆ ಸಾಲದು. ತಲೆ ತಗ್ಗಿಸದೆ ದೊರೆಯಬೇಕು. ವಾರಾನ್ನದ ಹುಡುಗನು ಏಳು ಮನೆಗಳ ಮುಂದೆ ತಗ್ಗಬೇಕಿತ್ತು. ನನ್ನ ಗೆಳೆಯನು ತನ್ನ ತಂಗಿಯರ ಮುಂದೆಯೂ ನಮ್ಮ ಮುಂದೆಯೂ ತಗ್ಗಲಾರದೆ ಓದನ್ನೇ ಬಿಟ್ಟನು. ಶಾಲೆಗಳಲ್ಲಿ ಈ ಕಷ್ಟಕ್ಕೆ ನಾವು ಒಂದು ಉತ್ತರವನ್ನು ಕಂಡುಕೊಂಡಿದ್ದೇವೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದಲ್ಲಿ ಸಾಹುಕಾರನ ಮಗನೂ ಕೂಲಿಯವಳ ಮಗಳೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಯಾರು ಹಸಿದವರೆಂದು ಯಾರೂ ಕೇಳುವುದಿಲ್ಲ. ದಾಸೋಹವೆಂಬ ಮಾತೇ ಶರಣರದು; ಅಲ್ಲಮನ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಇರುವ ಈ ತಾಲ್ಲೂಕಿಗೆ ಅದು ಪರಕೀಯವಲ್ಲ. ಆದರೆ ಈ ಯೋಜನೆಯನ್ನು ಹತ್ತನೆಯ ತರಗತಿಗೆ ಮುಗಿಯುವಂತೆ ರೂಪಿಸಿದರು. ಮಾರ್ಚಿ ತಿಂಗಳಲ್ಲಿ ತಟ್ಟೆ ಹಿಡಿದು ಪಂಕ್ತಿಯಲ್ಲಿ ಕೂತವಳು ಜೂನ್ ತಿಂಗಳಲ್ಲಿ ಕಾಲೇಜಿಗೆ ಬಂದಾಗ ಅವಳಿಗೆ ಪಂಕ್ತಿಯಿಲ್ಲ. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರಿಗೆ ಹಸಿವಾಗುವುದಿಲ್ಲವೆಂದು ಯಾವ ಪೋಷಣಶಾಸ್ತ್ರದಲ್ಲಿಯೂ ಬರೆದಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ತಾಲ್ಲೂಕಿನ ಕಾಲೇಜುಗಳಲ್ಲಿ ಮಧ್ಯಾಹ್ನ ಎಲ್ಲರಿಗೂ ಒಂದು ಊಟ: ಅನ್ನ, ಹುರುಳಿ ಸಾರು, ಒಂದು ಸೊಪ್ಪಿನ ಪಲ್ಯ. ಪ್ರಮಾಣಪತ್ರ ಕೇಳಬಾರದು, ಅರ್ಜಿ ಬರೆಸಬಾರದು, ಬಡವರ ಪಟ್ಟಿಯನ್ನು ಗೋಡೆಗೆ ಅಂಟಿಸಬಾರದು. ಸರ್ಕಾರ ಮಾಡಲಿ, ಅದು ಮಾಡುವವರೆಗೆ ಊರು ಮಾಡಬಹುದು. ಇವು ಭತ್ತ ಬೆಳೆಯುವ ತಾಲ್ಲೂಕುಗಳು. ಇಲ್ಲಿ ಓದಿ ಸಂಬಳದ ಕೆಲಸಗಳಿಗೆ ಹೋದವರು ದೇಶದ ತುಂಬ ಇದ್ದಾರೆ. ಸುಗ್ಗಿಯಲ್ಲಿ ಜಾತ್ರೆಯ ಅನ್ನಸಂತರ್ಪಣೆಗೆ ಮೂಟೆಗಟ್ಟಲೆ ಅಕ್ಕಿ ಕೊಡುವ ಕೈಗಳಿಗೆ ಕಾಲೇಜಿನ ಒಲೆ ಭಾರವಾಗಲಾರದು. ಮಕ್ಕಳೂ ಸುಮ್ಮನೆ ಉಣ್ಣಬೇಕಾಗಿಲ್ಲ. ಸರದಿಯಂತೆ ಬಡಿಸಲಿ, ತರಕಾರಿ ಹೆಚ್ಚಲಿ, ಲೆಕ್ಕ ಬರೆಯಲಿ. ಪಾವು ಸೇರುಗಳ ಗಣಿತವು ಪಠ್ಯದ ಗಣಿತಕ್ಕಿಂತ ಕೀಳಲ್ಲ.

ನಮ್ಮ ಕಾಲೇಜುಗಳಲ್ಲಿ ಗ್ರಂಥಾಲಯದ ಬಾಗಿಲು ತೆರೆಯುವಾಗ, ಒಳಗೆ ಬರುವವನ ಮನೆಯಲ್ಲಿ ಪುಸ್ತಕಗಳಿವೆಯೇ ಎಂದು ನಾವು ವಿಚಾರಿಸುವುದಿಲ್ಲ. ಎಲ್ಲರಿಗೂ ತೆರೆಯುತ್ತೇವೆ; ಬೇಕಾದವರು ಬಂದು ಓದುತ್ತಾರೆ. ಅಡುಗೆಮನೆಯ ಬಾಗಿಲನ್ನೂ ಹಾಗೆಯೇ ತೆರೆಯುವುದು ಸಾಧ್ಯ. ಕೋಡಿಯ ಮಠದವರು ಅದನ್ನು ವಿದ್ಯಾಸ್ಥಾನದ ಕೀರ್ತಿಯೆಂದು ಎಣಿಸಿ ಕಲ್ಲಿನಲ್ಲಿ ಕೆತ್ತಿಸಿ ಎಂಟೂವರೆ ಶತಮಾನಗಳಿಗೆ ಮಿಕ್ಕಿತು. ಶಿರಾಳಕೊಪ್ಪದ ಬಸ್ಸಿನಲ್ಲಿ ಡಬ್ಬಿಯಿಲ್ಲದೆ ಬರುವ ಹುಡುಗಿಯ ಕಾಲೇಜು ಆ ಕಲ್ಲಿಗೆ ಬಹು ದೂರದಲ್ಲೇನೂ ಇಲ್ಲ.